ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಕಾ? ಬೇಕಾದರೆ ಈ ಸೆಕೆಯಲ್ಲಿ ನಿಲ್ಲುವಂಥದ್ದು ಯಾವುದು?

ಸುರತ್ಕಲ್_ಸ್ಕೂಟರ್

ಕೆಲಸ ಪೂರಾ ಫೀಲ್ಡಿನಲ್ಲಿ. ಸುರತ್ಕಲ್‌ನಿಂದ ತೊಕ್ಕೊಟ್ಟಿನವರೆಗೆ ಸ್ಕೂಟರ್, ಹನ್ನೊಂದರಿಂದ ಮೂರರವರೆಗೆ ಬಿಸಿಲು ತಪ್ಪುವುದಿಲ್ಲ. ಬಣ್ಣ ಕಪ್ಪು, ಬಿಸಿಲಿಗೆ ಕೆಂಪಾಗುವುದು, ಸುಲಿಯುವುದು ಎಲ್ಲ ಇಲ್ಲ. ಆದರೆ ಎರಡೂ ಕೆನ್ನೆಯಲ್ಲಿ ಬಂಗು ಹರಡ್ತಾ ಉಂಟು, ಮೊಡವೆ ಹೋದ ಜಾಗದಲ್ಲಿ ಕಲೆ ತಿಂಗಳುಗಟ್ಟಲೆ ಉಳಿತದೆ. "ನಿಮ್ಮ ಬಣ್ಣಕ್ಕೆ ಅದೆಲ್ಲ ಎಂತಕ್ಕೆ" ಅನ್ನುವವರು ಕೆಲವರು, ಹಚ್ಚಲೇಬೇಕು ಅನ್ನುವವರು ಕೆಲವರು. ಹಚ್ಚಿದರೆ ಮುಖ ಬೂದಿ ಬಣ್ಣ, ಸ್ವಲ್ಪ ಹೊತ್ತಿಗೆ ಬೆವರಿನೊಟ್ಟಿಗೆ ಕಣ್ಣಿಗಿಳಿದು ಉರಿ. ಯಾವುದು ತೆಗೊಳ್ಳುವುದು, ಎಷ್ಟು ಹಚ್ಚುವುದು? ಮಳೆಗಾಲದಲ್ಲಿ ಬಿಡಬಹುದಾ?

ಚರ್ಮ_ವಿಭಾಗ

ಬೇಕು. ಆದರೆ ಬೆಳ್ಳಗಿನವರಿಗೆ ಹೇಳುವ ಕಾರಣಕ್ಕಲ್ಲ.

ತುಂಬ ಕಪ್ಪು ಚರ್ಮದ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ತಾನಾಗಿಯೇ ಸುಮಾರು ಎಸ್‌ಪಿಎಫ್ (ಸುಡುವ ಕಿರಣದಿಂದ ಸಿಗುವ ರಕ್ಷಣೆಯ ಅಳತೆ) 13ರಷ್ಟು ರಕ್ಷಣೆ ಕೊಡುತ್ತದೆ. ಬಿಳಿ ಚರ್ಮದಲ್ಲಿ ಅದು 3ರ ಆಸುಪಾಸು. ನಮ್ಮಲ್ಲಿ ಹೆಚ್ಚಿನವರು ಇವೆರಡರ ನಡುವೆ ಬರುತ್ತಾರೆ. ಈ ರಕ್ಷಣೆ ನಡೆಯುವುದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣದ ಎದುರು. ಹಾಗಾಗಿ ನಿಮಗೆ ಕೆಂಪಾಗುವುದಿಲ್ಲ. ಬಿಸಿಲಿನ ಇನ್ನೊಂದು ಕಿರಣ ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ, ಬಣ್ಣದ ಕೋಶಗಳನ್ನು ಕೆಣಕುತ್ತದೆ. ಕಪ್ಪು ಚರ್ಮದಲ್ಲಿ ಈ ಕೋಶಗಳು ಯಾವಾಗಲೂ ಚುರುಕು: ಮೊಡವೆ, ಗೀರು, ಸೊಳ್ಳೆ ಕಚ್ಚಿದ ಗುರುತು, ಯಾವುದಕ್ಕೂ ಹೆಚ್ಚು ಬಣ್ಣ ಸುರಿದು ಉತ್ತರ ಕೊಡುತ್ತವೆ. ಅದರ ಮೇಲೆ ದಿನಾ ಬಿಸಿಲು ಬಿದ್ದರೆ ಕಲೆ ಆರುವುದಕ್ಕೆ ಎಡೆಯೇ ಸಿಗುವುದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಮ್ಮಂಥ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ 400ರಿಂದ 450 ನ್ಯಾನೊಮೀಟರಿನ ನೇರಳೆ-ನೀಲಿ ಭಾಗ, ಕಪ್ಪು ತರಿಸುತ್ತದೆ. ತೆಳು ಬಣ್ಣದ ಚರ್ಮದಲ್ಲಿ ಅದೇ ಬೆಳಕು ಅಂಥ ಗುರುತು ಉಳಿಸುವುದಿಲ್ಲ. ಮಾಮೂಲು ಸನ್‌ಸ್ಕ್ರೀನ್ ಇದನ್ನು ತಡೆಯುವುದಿಲ್ಲ, ತಡೆಯಲಾರದು ಕೂಡ: ಹಚ್ಚಿದ್ದು ಕಣ್ಣಿಗೆ ಕಾಣುವುದಿಲ್ಲ ಎಂದರೆ ಬೆಳಕು ಅದನ್ನು ದಾಟಿ ಹೋಗಿದೆ ಅಂತಲೇ ಅರ್ಥ. ಬಂಗು ಇರುವವರು ಎಸ್‌ಪಿಎಫ್ 50 ಹಚ್ಚಿಯೂ ಸೋಲುವುದು ಇಲ್ಲೇ. ಈ ಬೆಳಕಿಗೆ ಅಡ್ಡ ನಿಲ್ಲುವುದು ಐರನ್ ಆಕ್ಸೈಡ್, ಅಂದರೆ ಚರ್ಮದ ಬಣ್ಣ ಬೆರೆಸಿದ "ಟಿಂಟೆಡ್" ಸನ್‌ಸ್ಕ್ರೀನ್. ಬೂದಿ ಬಣ್ಣದ ತಾಪತ್ರಯಕ್ಕೂ ಅದೇ ಮದ್ದು.

ಕ್ಯಾನ್ಸರ್ ಹೆದರಿಕೆ ತೋರಿಸಿ ಮಾರುವವರನ್ನು ನಂಬಬೇಡಿ. ನಮ್ಮ ಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ. ಕಪ್ಪು ಚರ್ಮದಲ್ಲಿ ಮೆಲನೋಮ (ಬಣ್ಣದ ಕೋಶಗಳ ಕ್ಯಾನ್ಸರ್) ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಅದಕ್ಕೆ ಬಿಸಿಲು ಕಾರಣ ಅಲ್ಲ, ಸನ್‌ಸ್ಕ್ರೀನ್ ತಡೆಯುವುದೂ ಇಲ್ಲ. ಉಗುರಿನಲ್ಲಿ ಕಪ್ಪು ಗೆರೆ ಅಗಲ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಅಷ್ಟೆ.

ಮದ್ದಿನಂಗಡಿ_ಉಡುಪಿ

ಮೇಲಿನವರು ಹೇಳಿದ್ದು ಸರಿ. ಇನ್ನು ಟ್ಯೂಬಿನ ವಿಷಯಕ್ಕೆ ಬರುವ.

ಮುಂದೆ ದೊಡ್ಡದಾಗಿ ಬರೆದದ್ದು ಬಿಟ್ಟು ಹಿಂದೆ ಓದಿ. ಎಸ್‌ಪಿಎಫ್ 30 ಸಾಕು, ಬಂಗು ಇದ್ದರೆ 50 ಇರಲಿ. ಸರಿಯಾಗಿ ಹಚ್ಚಿದರೆ 30 ಸುಮಾರು 97 ಶೇಕಡಾ ಯುವಿಬಿ ತಡೀತದೆ, 50 ಸುಮಾರು 98. ಅಷ್ಟೇ ವ್ಯತ್ಯಾಸ, 100ಕ್ಕೆ ದುಡ್ಡು ಹಾಕುವುದು ಬೇಡ. ಯುವಿಎಗೆ ಬೇರೆ ಅಳತೆ: ಪಿಎ ಅಂತ ಬರೆದು ಎದುರು ಪ್ಲಸ್ ಇರ್ತದೆ, ನಾಲ್ಕು ಪ್ಲಸ್ ಇರುವುದನ್ನೇ ತೆಗೊಳ್ಳಿ. ಟಿಂಟ್ ನಿಜವಾಗಿ ಉಂಟಾ ಅಂತ ನೋಡಲಿಕ್ಕೆ ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್, ಇಲ್ಲವೇ ಅದರ ಬಣ್ಣದ ನಂಬರ್ ಸಿಐ 77491, 77492, 77499 ಹುಡುಕಿ. ಬರೀ 77891 ಇದ್ದರೆ ಅದು ಟೈಟಾನಿಯಂ ಡೈಆಕ್ಸೈಡ್, ಮುಖಕ್ಕೆ ಸುಣ್ಣ ಹೊಡೆದ ಹಾಗೆ ಕಾಣಿಸುವುದು ಅದೇ. ಝಿಂಕ್ ಆಕ್ಸೈಡಿನಲ್ಲೂ ಬಿಳಿ ಉಂಟು, ಸ್ವಲ್ಪ ಕಮ್ಮಿ.

ಬಣ್ಣ ಆರಿಸುವಾಗ ಅಂಗಡಿಯ ಟ್ಯೂಬ್‌ಲೈಟನ್ನು ನಂಬಬೇಡಿ. ದವಡೆಯ ಅಂಚಿಗೆ ಒಂದು ಗೆರೆ ಹಾಕಿ, ಹತ್ತು ನಿಮಿಷ ಬಿಟ್ಟು ಹೊರಗೆ ಹಗಲು ಬೆಳಕಿನಲ್ಲಿ ನೋಡಿ. ಎಲ್ಲರಿಗೂ ಒಂದೇ ಅಂತ ಮಾರುವ ಟಿಂಟ್ ಹೆಚ್ಚಿನದ್ದು ಗೋಧಿ ಬಣ್ಣದವರ ಅಳತೆಗೆ ಮಾಡಿದ್ದು, ಕಪ್ಪು ಚರ್ಮದಲ್ಲಿ ಕಿತ್ತಳೆ ಹೊಡೀತದೆ. ಮೂರ್ನಾಲ್ಕು ಶೇಡ್ ಇರುವ ಕಂಪೆನಿಯದ್ದೇ ಕೇಳಿ. ಬಂಗು ಇಲ್ಲದವರಿಗೆ ಬಣ್ಣ ಬೇಡವಾದರೆ ಬಿಳಿ ಬಿಡದ ಕೆಮಿಕಲ್ ಫಿಲ್ಟರಿನ (ಯುವಿ ಹೀರುವ ರಾಸಾಯನಿಕದ) ಜೆಲ್ ಸಾಕು.

ಅಳತೆ: ತೋರುಬೆರಳು, ನಡುಬೆರಳು, ಬುಡದಿಂದ ತುದಿವರೆಗೆ ಎರಡು ಗೆರೆ. ಅದು ಮುಖ ಮತ್ತು ಕುತ್ತಿಗೆಗೆ ಮಾತ್ರ. ಸ್ಕೂಟರಿನಲ್ಲಿ ಹೋಗುವವರಿಗೆ ಮೊಣಕೈಯಿಂದ ಕೆಳಗೆ ಒಂದೊಂದು ಕೈಗೆ ಅರ್ಧ ಚಮಚ, ಇಲ್ಲವೇ ಉದ್ದ ತೋಳಿನ ಅಂಗಿ. ಕೆಲವರದ್ದು 50 ಗ್ರಾಂ ಟ್ಯೂಬ್ ಆರು ತಿಂಗಳು ಬರ್ತದೆ! ಮುಖ-ಕುತ್ತಿಗೆಗೆ ದಿನಕ್ಕೆ ಎರಡು ಸಲ ಸರಿಯಾಗಿ ಹಚ್ಚಿದರೆ ಅದು ಮೂರು ವಾರದ ಬಾಬತ್ತು. ಅರ್ಧ ಹಚ್ಚಿದರೆ ಡಬ್ಬಿಯಲ್ಲಿ ಬರೆದ 50 ಮುಖದ ಮೇಲೆ 50 ಆಗಿರುವುದಿಲ್ಲ, ಅರ್ಧಕ್ಕೂ ಇಳಿದೀತು.

ಒಂದೇ ಸಲ ಎರಡೂ ಗೆರೆ ಮೆತ್ತಿದರೆ ಉಂಡೆ ಉಂಡೆ ಎದ್ದು ಬರ್ತದೆ. ಮೊದಲು ಒಂದು ಬೆರಳಿನದ್ದು ಚುಕ್ಕೆ ಚುಕ್ಕೆಯಾಗಿ ಇಟ್ಟು ಹರಡಿ, ಎರಡು ನಿಮಿಷ ಬಿಟ್ಟು ಎರಡನೆಯದ್ದು. ತಿಕ್ಕಬೇಡಿ. ಕಿವಿ, ಹಿಂಗುತ್ತಿಗೆ ಮರೀಬೇಡಿ. ಮಾಯಿಶ್ಚರೈಸರ್ ಜೊತೆ ಅಂಗೈಯಲ್ಲಿ ಕಲಸಿ ಹಚ್ಚುವುದು ಬೇಡ, ಪದರ ತೆಳುವಾಗಿ ಒಡೀತದೆ. ಹೊರಡುವುದಕ್ಕೆ 15 ನಿಮಿಷ ಮೊದಲು ಮುಗಿಸಿ.

ಸುರತ್ಕಲ್_ಸ್ಕೂಟರ್

ಥ್ಯಾಂಕ್ಸ್. ಬೆವರು? ಹೆಲ್ಮೆಟಿನ ಗ್ಲಾಸ್ ಹಾಕಿಕೊಂಡರೆ ಸಾಕಾಗುವುದಿಲ್ವಾ? ಮತ್ತೆ ಮನೆಯಲ್ಲಿ ತೆಂಗಿನೆಣ್ಣೆ ಹಚ್ಚಿದರಾಯ್ತು ಅಂತಾರೆ.

ಪಡುಬಿದ್ರಿ_ಅಲೆ

ತೆಂಗಿನೆಣ್ಣೆ ತಲೆಗಾಗ್ತದೆ, ಒಗ್ಗರಣೆಗಾಗ್ತದೆ, ಬಿಸಿಲಿಗೆ ಆಗುವುದಿಲ್ಲ ಮಾರಾಯ್ರೆ.

ಕಣ್ಣುರಿಗೆ ಉಪಾಯ ಉಂಟು. ಹುಬ್ಬಿನ ಮೇಲೆ, ಕಣ್ಣಿನ ಸುತ್ತ ಕ್ರೀಮ್ ಬಿಟ್ಟು ಮೇಣದ ಸ್ಟಿಕ್ ಸನ್‌ಸ್ಕ್ರೀನ್ ಎಳೆಯಿರಿ, ಒಂದೇ ಜಾಗಕ್ಕೆ ನಾಲ್ಕು ಸಲ. ಅದು ಬೆವರಿಗೆ ಬೇಗ ಇಳಿಯುವುದಿಲ್ಲ. ಉರಿ ಮಾಡುವುದು ಹೆಚ್ಚಾಗಿ ಅವೊಬೆಂಝೋನ್‌ನಂಥ ಫಿಲ್ಟರುಗಳು, ಕಣ್ಣಿನ ಹತ್ತಿರ ಝಿಂಕ್ ಇದ್ದರೆ ತೊಂದರೆ ಕಮ್ಮಿ. ಹೆಲ್ಮೆಟಿನ ಒಳಗೆ ಹತ್ತಿಯ ಪಟ್ಟಿ ಕಟ್ಟಿಕೊಳ್ಳಿ. ಬೆವರನ್ನು ಕರ್ಚೀಫಿನಿಂದ ಒತ್ತಿ ತೆಗೀಬೇಕು, ಒರೆಸಿದರೆ ಎಲ್ಲ ಕರ್ಚೀಫಿಗೇ ಹೋಗ್ತದೆ. "ವಾಟರ್ ರೆಸಿಸ್ಟೆಂಟ್" 40 ನಿಮಿಷದ್ದು, 80 ನಿಮಿಷದ್ದು ಅಂತ ಎರಡು ಬಗೆ, 80ರದ್ದು ತೆಗೊಳ್ಳಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಫೀಲ್ಡಿನಲ್ಲಿ ಅಷ್ಟು ಆಗದಿದ್ದರೆ ಹನ್ನೆರಡರ ಸುಮಾರಿಗೆ ಒಂದು ಸಲವಾದರೂ, ಒತ್ತಿ ಒಣಗಿಸಿ, ಪೂರ್ತಿ ಅಳತೆಯಲ್ಲಿ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಹೆಚ್ಚುಕಮ್ಮಿ 12:30ಕ್ಕೆ.

ಹೆಲ್ಮೆಟಿನ ಪಾಲಿಕಾರ್ಬನೇಟ್ ಗ್ಲಾಸ್ ಯುವಿ ಕಿರಣವನ್ನು ಚೆನ್ನಾಗಿ ತಡೀತದೆ. ಆದರೆ ಸೆಕೆಗೆ ಎತ್ತಿಟ್ಟು ಓಡಿಸಿದರೆ ಎಂತ ಪ್ರಯೋಜನ? ಇಳಿಸಿದರೂ ಬೆಳಕು ಒಳಗೆ ಬರ್ತದೆ, ಬಂಗು ಹೆಚ್ಚಾಗ್ಲಿಕ್ಕೆ ಅಷ್ಟು ಸಾಕು. ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಹಾಕುವವರಿಗೂ ಇದೇ ಮಾತು: ನೆತ್ತಿಗೆ ನೆರಳು, ಕೆನ್ನೆಗಿಲ್ಲ.

ಮಳೆಗಾಲದಲ್ಲಿ ಬಿಡಬೇಡಿ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಇನ್ನೊಮ್ಮೆ ಸೂರ್ಯ ಮಂಗಳೂರಿನ ನೆತ್ತಿಯ ಮೇಲೇ ಇರ್ತಾನೆ. ತೆಳು ಮೋಡ ದಾಟಿ ಹೆಚ್ಚಿನ ಯುವಿ ಕೆಳಗೆ ಬರ್ತದೆ. ಜಡಿಮಳೆ ಹಿಡಿದ ದಿನ, ರೈನ್‌ಕೋಟಿನೊಳಗೆ ಇದ್ದರೆ ಬಿಟ್ಟರೂ ನಡೀತದೆ.

ಚರ್ಮ_ವಿಭಾಗ

ಎರಡು ಎಚ್ಚರಿಕೆ ಸೇರಿಸುತ್ತೇನೆ. ಇಲಿಜ್ವರ ಬಾರದಂತೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಚರ್ಮವನ್ನು ಯುವಿಎಗೆ ಸೂಕ್ಷ್ಮ ಮಾಡುತ್ತದೆ. ಆ ದಿನಗಳಲ್ಲಿ ಕಪ್ಪು ಚರ್ಮವೂ ಸುಡುತ್ತದೆ. ಮಾತ್ರೆ ನಿಲ್ಲಿಸಬೇಡಿ, ಮೈ ಮುಚ್ಚಿಕೊಳ್ಳಿ. ಎರಡನೆಯದು, ಕಲೆ ಹೋಗಲಿ ಅಂತ ಲಿಂಬೆರಸ ಉಜ್ಜಿ ಬಿಸಿಲಿಗೆ ಹೋಗಬೇಡಿ. ರಸದಲ್ಲಿರುವ ಫ್ಯುರೋಕೂಮರಿನ್ ಬಿಸಿಲಿನೊಂದಿಗೆ ಸೇರಿ ಇನ್ನೂ ಕಡುವಾದ ಕಲೆ ಬಿಡುತ್ತದೆ.

ಬಂಗು ಸನ್‌ಸ್ಕ್ರೀನ್ ಒಂದರಿಂದ ಹೋಗುವುದಿಲ್ಲ. ಅದಿಲ್ಲದೆ ಬೇರೆ ಮದ್ದು ನಿಲ್ಲುವುದೂ ಇಲ್ಲ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಸ್ಟೀರಾಯಿಡ್, ಈ ಮೂರೂ ಸೇರಿದ ಕ್ರೀಮನ್ನು ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಚ್ಚುವವರು ಬಹಳ. ಮೊದಲ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಆಮೇಲೆ ಸ್ಟೀರಾಯಿಡಿನಿಂದ ಚರ್ಮ ತೆಳುವಾಗಿ, ಕೂದಲು ಬೆಳೆದು, ಬಿಟ್ಟ ಕೂಡಲೇ ಬಂಗು ಮೊದಲಿಗಿಂತ ಜೋರಾಗಿ ಮರಳುತ್ತದೆ.

ಮದ್ದಿನಂಗಡಿ_ಉಡುಪಿ

ಒಂದು ಬಿಟ್ಟುಹೋಯ್ತು. ಟ್ಯೂಬನ್ನು ಸ್ಕೂಟರಿನ ಸೀಟಿನಡಿ ಇಡಬೇಡಿ, ಆ ಕಾವಿಗೆ ಕ್ರೀಮ್ ಒಡೆದು ನೀರು ಬೇರೆ, ಎಣ್ಣೆ ಬೇರೆ ಆಗ್ತದೆ. ಹಾಗೆ ಆದದ್ದನ್ನು ಕುಲುಕಿ ಹಚ್ಚಿದರೆ ಉಪಯೋಗವಿಲ್ಲ, ಬಿಸಾಡಿ.

ಬಿಳಿ ಅಂಗಿಯವರಿಗೆ: ಅವೊಬೆಂಝೋನ್ ಇರುವ ಸನ್‌ಸ್ಕ್ರೀನ್ ಕಾಲರಿಗೆ ತಾಗಿ, ಕಬ್ಬಿಣದಂಶ ಇರುವ ಬಾವಿ ನೀರಲ್ಲಿ ಒಗೆದರೆ ತುಕ್ಕಿನ ಬಣ್ಣ ಏಳ್ತದೆ. ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗಿ ಕೂತುಬಿಡ್ತದೆ. ಒಗೆಯುವ ಮೊದಲು ಕಾಲರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ತಿಕ್ಕಿ ಎಣ್ಣೆ ಅಂಶ ತೆಗೀರಿ. ಕಲೆ ಎದ್ದ ಮೇಲೆ ಆದರೆ ಲಿಂಬೆರಸ ಹಿಂಡಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಲಿಂಬೆಗೆ ಅಲ್ಲಿ ಕೆಲಸ ಉಂಟು.