ತೇರಿನ ಜನಸಂದಣಿಯಲ್ಲಿ ಬಾಂಬ್ ಸಿಡಿದರೆ: ಆಂಬ್ಯುಲೆನ್ಸ್ ಬರೋವರೆಗೆ ಏನು ಮಾಡಬೇಕು?

ಪ್ರಶ್ನೆ: ಡಾಕ್ಟ್ರೇ, ಶಿವರಾತ್ರಿಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು. ಜನರನ್ನ ಸಂಭಾಳಿಸೋಕೆ ನಾವು 20 ಹುಡುಗರು ನಿಲ್ತೀವಿ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆದಮೇಲೆ ಇದೇ ಯೋಚನೆ. ಅಂಥದ್ದು ಆದರೆ ನಾವು ಏನು ಮಾಡಬೇಕು? ಡಬ್ಬಿಯಲ್ಲಿ ಡೆಟಾಲ್, ಹತ್ತಿ, ಬ್ಯಾಂಡೇಜ್ ಇದೆ.

ಉತ್ತರ (ತುರ್ತು ಚಿಕಿತ್ಸಾ ವೈದ್ಯರು): ಆ ಡಬ್ಬಿ ತರಚು ಗಾಯಕ್ಕೆ ಆಯ್ತು. ಬಾಂಬಿನೊಳಗಿನ ಮೊಳೆ, ಬೋಲ್ಟು ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಐದು ನಿಮಿಷದೊಳಗೇ ಜೀವ ಹೋಗಬಹುದು. ಆದ್ದರಿಂದ ಮೊದಲ ಕೆಲಸ ರಕ್ತ ನಿಲ್ಲಿಸೋದು.

ಅದಕ್ಕೂ ಮುಂಚೆ ಒಂದು ಮಾತು. ಎರಡನೇ ಬಾಂಬ್ ಇರಬಹುದು. ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ, ಗಾಯಾಳುಗಳನ್ನ ಅಲ್ಲಿಂದ ದೂರ ಸಾಗಿಸಿ. 112ಕ್ಕೂ 108ಕ್ಕೂ ಒಬ್ಬನೇ ಫೋನ್ ಮಾಡಲಿ, ಎಷ್ಟು ಜನಕ್ಕೆ ಪೆಟ್ಟಾಗಿದೆ, ಗಾಡಿ ಯಾವ ದಾರೀಲಿ ಬರಬೇಕು ಅಂತ ಹೇಳಲಿ.

ಆಮೇಲೆ "ನಡೆಯೋಕೆ ಆಗೋರು ಈ ಕಡೆ ಬನ್ನಿ" ಅಂತ ಕೂಗಿ. ಬಂದವರನ್ನ ಒಂದು ಮೂಲೇಲಿ ಕೂರಿಸಿ, ಉಳಿದವರ ಹತ್ತಿರ ಓಡಿ. ಕಿರುಚೋನಿಗೆ ಉಸಿರಿದೆ, ಸದ್ದಿಲ್ಲದೆ ಬಿದ್ದಿರೋನನ್ನೇ ಮೊದಲು ನೋಡಬೇಕು.

ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಟೂರ್ನಿಕೆಟ್ (ರಕ್ತ ನಿಲ್ಲಿಸೋಕೆ ಕೈಕಾಲಿಗೆ ಬಿಗಿಯೋ ಪಟ್ಟಿ) ಕಟ್ಟಿ. ಮಂಡಿ, ಮೊಣಕೈ ಕೀಲಿಗೇ ಕಟ್ಟಬೇಡಿ. ರಕ್ತ ನಿಲ್ಲೋವರೆಗೆ ಬಿಗಿಸಿ. ನೋವಿಗೆ ಕೂಗ್ತಾರೆ, ಆದರೂ ಬಿಡಬೇಡಿ. ಹಣೆ ಮೇಲೆ ಮಾರ್ಕರ್‌ನಿಂದ ಕಟ್ಟಿದ ಸಮಯ ಬರೀರಿ. ತೊಡೆಸಂದು, ಕಂಕುಳಿಗೆ ಅದನ್ನ ಕಟ್ಟೋಕಾಗಲ್ಲ. ಅಲ್ಲಿ ಗಾಜ್ (ಗಾಯಕ್ಕೆ ಹಾಕೋ ತೆಳು) ಬಟ್ಟೇನ ಗಾಯದ ತಳದವರೆಗೆ ತುರುಕಿ, ಎರಡೂ ಅಂಗೈಯಿಂದ 10 ನಿಮಿಷ ಕೈ ತೆಗೆಯದೆ ಒತ್ತಿ. ಎದೆ, ಹೊಟ್ಟೆಗೆ ತುರುಕಬೇಡಿ. ಚುಚ್ಚಿಕೊಂಡಿರೋ ಚೂರು ಕೀಳಬೇಡಿ. ಎಷ್ಟೋ ಸಲ ರಕ್ತನಾಳಕ್ಕೆ ಅದೇ ಬಿರಡೆ.

ಪ್ರಶ್ನೆ: ಟೂರ್ನಿಕೆಟ್ ಇಲ್ಲದಿದ್ದರೆ ಶಲ್ಯ ಸಾಕಾ ಸರ್?

ಉತ್ತರ: ಸಾಕು, ಕೋಲು ಸೇರಿಸಿದರೆ. ಶಲ್ಯಾನ ಮೂರು ಬೆರಳಗಲ ಮಡಚಿ ಸುತ್ತಿ ಒಂದು ಗಂಟು ಹಾಕಿ. ಗಂಟಿನ ಮೇಲೆ ಗೇಣುದ್ದದ ಗಟ್ಟಿ ಕೋಲಿಟ್ಟು ಇನ್ನೊಂದು ಗಂಟು ಹಾಕಿ, ತಿರುಚಿ, ಕೋಲಿನ ತುದಿ ಕಟ್ಟಿಬಿಡಿ. ಬರೀ ಕೈಯಲ್ಲಿ ಕಟ್ಟಿದ ಬಟ್ಟೆ ಸಡಿಲ. ಅದು ಹೃದಯಕ್ಕೆ ವಾಪಸ್ ಹೋಗೋ ರಕ್ತಾನ ಮಾತ್ರ ತಡೆಯುತ್ತೆ, ಒಳಗೆ ಬರೋದನ್ನ ತಡೆಯಲ್ಲ, ಹಾಗಾಗಿ ರಕ್ತ ಇನ್ನೂ ಜಾಸ್ತಿ ಸುರಿಯುತ್ತೆ. ದಾರ, ತಂತಿ ಚರ್ಮ ಕೊಯ್ಯುತ್ತೆ.

ಪ್ರಶ್ನೆ: ಕಾಲು ಗಂಟೆಗೊಮ್ಮೆ ಸಡಿಲಿಸಬೇಕಂತೆ?

ಉತ್ತರ: ದಯವಿಟ್ಟು ಬೇಡ. ಪ್ರತಿ ಸಲ ಸಡಿಲಿಸಿದಾಗಲೂ ರಕ್ತ ಹೋಗುತ್ತೆ. ಎರಡು ಗಂಟೆವರೆಗೆ ಸಾಮಾನ್ಯವಾಗಿ ಕಾಲಿಗೆ ಅಪಾಯವಿಲ್ಲ, ಅಷ್ಟರಲ್ಲಿ ಆಸ್ಪತ್ರೆ ತಲುಪಿಸಿ. ಬಿಚ್ಚೋದು ವೈದ್ಯರ ಕೆಲಸ. ಬಿಸಿಲಿದ್ದರೂ ಕಂಬಳಿ ಹೊದಿಸಿ, ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ.

ಪ್ರಶ್ನೆ: ನಡೆದು ಬಂದವರನ್ನ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಕಳಿಸಲಾ?

ಉತ್ತರ: ತಡೀರಿ. ಸಣ್ಣ ಗಾಯದವರೇ ಮೊದಲು ಚಿಕ್ಕಬಳ್ಳಾಪುರ ತಲುಪಿದರೆ, ಪ್ರಾಣ ಹೋಗ್ತಿರೋನು ಬರೋ ಹೊತ್ತಿಗೆ ಅಲ್ಲಿ ಹಾಸಿಗೆ ಇರಲ್ಲ. ಯಾರು ಎಲ್ಲಿಗೆ ಅನ್ನೋದನ್ನ 108ರ ಸಿಬ್ಬಂದಿ ಹೇಳಲಿ. ಆದರೆ ನಡೆದು ಬಂದವರನ್ನ ಮರೀಬೇಡಿ. ಹೊರಗೆ ಗಾಯವೇ ಇಲ್ಲದೆ ಸ್ಫೋಟದ ಒತ್ತಡಕ್ಕೆ ಶ್ವಾಸಕೋಶ ಒಳಗೇ ಹರಿದಿರಬಹುದು. ಕೆಮ್ಮು, ಏದುಸಿರು, ಎದೆನೋವು ಶುರುವಾದರೆ ತಕ್ಷಣ ಮುಂದಿನ ಗಾಡಿಗೆ ಹತ್ತಿಸಿ.

ಡಬ್ಬಿಗೆ 10 ಟೂರ್ನಿಕೆಟ್, 40 ಗಾಜ್ ರೋಲ್, ಕೈಗವಸು, ದಪ್ಪ ಕತ್ತರಿ, ಮಾರ್ಕರ್, ಕಂಬಳಿ ಸೇರಿಸಿ. ಹಬ್ಬಕ್ಕೆ ಮುಂಚೆ ಒಬ್ಬರಿಗೊಬ್ಬರು ಕಟ್ಟಿ ಅಭ್ಯಾಸ ಮಾಡಿ, ಬಿಗಿದ ತಕ್ಷಣ ಬಿಚ್ಚಿ. ಇನ್ನು ತೇರುಬೀದಿಯಿಂದ ಹೊರಗೆ ಹೋಗೋ ಒಂದು ದಾರಿಯಲ್ಲಿ ಅಂಗಡಿ, ಬೈಕ್ ಯಾವುದೂ ನಿಲ್ಲದ ಹಾಗೆ ಇಬ್ಬರನ್ನ ಬೆಳಗಿನಿಂದಲೇ ಕಾವಲಿಗೆ ಹಾಕಿ.