ಯೋಗಿ ಬೆರಾ ಆಡಿದಂಥ ಮಾತಿಗೆ ಕನ್ನಡದಲ್ಲಿ ಏನನ್ನಬೇಕು?

ಗೆಳೆಯರೇ,

ಅಮೆರಿಕದಲ್ಲಿ ಹುಟ್ಟಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಾಗಿ ಬೇಸ್‌ಬಾಲ್ ಚರಿತ್ರೆಯ ಕೆಲವು ಹೆಸರುವಾಸಿ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಟ ಅವರಿಗೆ ಗೊತ್ತು, ಕನ್ನಡ ಮನೆಯಲ್ಲಿ ಕೇಳಿ ಗೊತ್ತು. ಹಾಗಾಗಿ ಪುಸ್ತಕದ ಕನ್ನಡ ಬೇಡ, ಅಜ್ಜಿಯ ಜೊತೆ ಫೋನಿನಲ್ಲಿ ಆಡುವ ಕನ್ನಡ ಬೇಕು. ಅಲ್ಲಲ್ಲಿ ಪದ ಸಿಗದೆ ನಿಂತಿದ್ದೇನೆ. ಮುಖ್ಯವಾದ ಪ್ರಶ್ನೆ ತಲೆಬರಹದಲ್ಲೇ ಇದೆ. ಉಳಿದವು ಕೆಳಗೆ ಬರುತ್ತವೆ.

ಯೋಗಿ ಬೆರಾ ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಚರ್. ಅಂದರೆ ಬ್ಯಾಟ್ ಬೀಸುವವನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವರು. ಆಟಗಾರನಾಗಿ 10 ಸಲ ವರ್ಲ್ಡ್ ಸೀರೀಸ್, ಅಂದರೆ ಋತುವಿನ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, ಗೆದ್ದರು. ಅಷ್ಟು ಗೆದ್ದ ಆಟಗಾರ ಇನ್ನೊಬ್ಬರಿಲ್ಲ. ನಿಜವಾದ ಹೆಸರು ಲಾರೆನ್ಸ್ ಪೀಟರ್ ಬೆರಾ, ಸೇಂಟ್ ಲೂಯಿಸ್‌ನ ಇಟಾಲಿಯನ್ ಕೇರಿಯ ಹುಡುಗ. ‘ಯೋಗಿ’ ಎನ್ನುವುದು ನಮ್ಮ ಯೋಗಿಯೇ! ಚಿಕ್ಕಂದಿನಲ್ಲಿ ಇವರ ಜೊತೆ ಆಡುತ್ತಿದ್ದ ಒಬ್ಬ ಹುಡುಗ ಭಾರತದ ಬಗ್ಗೆ ಒಂದು ಸಿನಿಮಾ ತುಣುಕು ನೋಡಿದ್ದನಂತೆ. ಬ್ಯಾಟಿಂಗ್ ಸರದಿಗೆ ಕಾಯುತ್ತಾ ಕಾಲು ಮಡಚಿ, ಕೈ ಕಟ್ಟಿ ಕೂತಿದ್ದ ಲಾರೆನ್ಸ್ ಅವನ ಕಣ್ಣಿಗೆ ಥೇಟ್ ಅದರಲ್ಲಿ ಬಂದ ಯೋಗಿಯ ಹಾಗೆ ಕಂಡ. ಅಂದು ಇಟ್ಟ ಹೆಸರು ಕೊನೆಯವರೆಗೂ ಉಳಿಯಿತು.

ಈ ಮನುಷ್ಯನ ಮಾತುಗಳಿಗೆ ಇಂಗ್ಲಿಷಿನಲ್ಲಿ ಇವರ ಹೆಸರಿನ ಮೇಲೇ ಒಂದು ಪದ ಇದೆ, ‘ಯೋಗಿಯಿಸಂ’ ಎಂದು. ಕೇಳಿದ ತಕ್ಷಣ ಅರ್ಥವಿಲ್ಲದ್ದು ಅನ್ನಿಸುತ್ತದೆ. ಒಂದು ಗಳಿಗೆ ಬಿಟ್ಟರೆ ಹೌದಲ್ವಾ ಅನ್ನಿಸುತ್ತದೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ಇಟ್ ಎಯಿಂಟ್ ಓವರ್ ಟಿಲ್ ಇಟ್ಸ್ ಓವರ್’. ಇದನ್ನು ‘ಮುಗಿಯುವವರೆಗೂ ಅದು ಮುಗಿದಿರುವುದಿಲ್ಲ’ ಎಂದು ಬರೆದರೆ ವ್ಯಾಕರಣ ಸರಿ, ಮಾತಿನಲ್ಲಿ ಜೀವ ಇಲ್ಲ. ನಾನು ಬರೆದಿರುವುದು ‘ಮುಗಿಯೋ ತನಕ ಮುಗಿದ ಹಾಗಲ್ಲ’. ಇದರಲ್ಲಿ ‘ಅದು’ ಎಂಬ ಕರ್ತೃವೇ ಬೇಡ. ಕನ್ನಡದಲ್ಲಿ ಇಂಥ ಮಾತು ಬಲು ಸಲೀಸು. ‘ಬಂದ್ರೆ ಬಂದ, ಇಲ್ಲಾಂದ್ರೆ ಇಲ್ಲ’, ‘ಹೇಳೋದು ಹೇಳಿದ್ದೀನಿ’, ‘ಮುಗೀತು ಅಂದ್ರೆ ಮುಗೀತು’. ಒಂದೇ ಕ್ರಿಯಾಪದವನ್ನು ಎರಡು ಸಲ ಹಾಕಿ ಒತ್ತು ಕೊಡುವುದು ನಮ್ಮ ದಿನನಿತ್ಯದ ಅಭ್ಯಾಸ.

‘ಓವರ್’ ಪದವನ್ನು ಹಾಗೇ ಬಿಡೋಣ ಎಂದು ಕೆಲವರು ಸೂಚಿಸಿದರು. ಅದು ಆಗದ ಮಾತು. ಕನ್ನಡದ ಕಿವಿಗೆ ಓವರ್ ಅಂದರೆ ಆರು ಎಸೆತ. ಮಿಗಿಲಾಗಿ ಈ ಮಾತಿನ ತಿರುಳು ಇರುವುದೇ ಕ್ರಿಕೆಟ್‌ಗೂ ಬೇಸ್‌ಬಾಲ್‌ಗೂ ಇರುವ ವ್ಯತ್ಯಾಸದಲ್ಲಿ. ಒಂದು ದಿನದ ಪಂದ್ಯದಲ್ಲಿ ಕೊನೆಯ ಓವರಿಗೆ 50 ರನ್ ಬೇಕಿದ್ದರೆ ಜನ ಎದ್ದು ಹೊರಡುತ್ತಾರೆ. ಆಟ ಮುಗಿಯುವ ಮೊದಲೇ ಮುಗಿದಿರುತ್ತದೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಒಂಬತ್ತು ಇನ್ನಿಂಗ್ಸ್, ಪ್ರತಿಯೊಂದರಲ್ಲೂ ಒಂದೊಂದು ತಂಡಕ್ಕೆ ಮೂರು ಔಟ್. ಎಸೆತಕ್ಕೆ ಮಿತಿ ಇಲ್ಲ, ಆಟವನ್ನು ಮುಗಿಸುವ ಗಡಿಯಾರವೂ ಇಲ್ಲ. ಕೊನೆಯ ಔಟ್ ಬೀಳುವವರೆಗೆ ಎಷ್ಟು ರನ್ ಬೇಕಾದರೂ ಬರಬಹುದು. ಆಟದ ನಿಯಮವೇ ಬೆರಾ ಬಾಯಲ್ಲಿ ಮಾತಾಯಿತು ಅಂತ ನನ್ನ ಭಾವನೆ.

ಆ ಮಾತಿನ ಮೂಲ 1973ರ ಋತು ಎನ್ನುತ್ತಾರೆ. ಆಗ ಬೆರಾ ನ್ಯೂಯಾರ್ಕ್ ಮೆಟ್ಸ್ ತಂಡದ ಮ್ಯಾನೇಜರ್, ಅಂದರೆ ತಂಡವನ್ನು ಆಡಿಸುವ ಮುಖ್ಯ ಕೋಚ್. ಆಗಸ್ಟ್ ಮುಗಿಯುತ್ತಾ ಬಂದರೂ ತಂಡ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಸೆಪ್ಟೆಂಬರಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿತು. 82 ಗೆಲುವು, 79 ಸೋಲು. ಅಂಥ ದೊಡ್ಡ ಲೆಕ್ಕವೇನಲ್ಲ, ಆದರೂ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಅಷ್ಟೇ ಸಾಕಾಯಿತು. ಅಲ್ಲಿಂದ ವರ್ಲ್ಡ್ ಸೀರೀಸ್‌ವರೆಗೂ ಹೋಗಿ ಏಳನೇ ಪಂದ್ಯದಲ್ಲಿ ಓಕ್ಲೆಂಡ್‌ಗೆ ಸೋತರು.

ಇನ್ನೊಂದು ಮಾತು ‘ಇಟ್ ಗೆಟ್ಸ್ ಲೇಟ್ ಅರ್ಲಿ ಔಟ್ ದೇರ್’. ಇದನ್ನು ‘ಅಲ್ಲಿ ಬೇಗ ತಡವಾಗುತ್ತೆ’ ಎಂದು ಬರೆದರೆ ಇಂಗ್ಲಿಷಿನ ಗುದ್ದಾಟ ಹಾಗೇ ಉಳಿಯುತ್ತದೆ, ಆದರೆ ಕನ್ನಡದವರು ಯಾರೂ ಹಾಗೆ ಮಾತಾಡಲ್ಲ. ‘ಅಲ್ಲಿ ಬೇಗ ಹೊತ್ತಾಗುತ್ತೆ’ ಎಂದರೆ ಎಷ್ಟು ಸಹಜ ನೋಡಿ! ಎಷ್ಟು ಸಹಜ ಎಂದರೆ ತಮಾಷೆಯೇ ಕಾಣೆಯಾಗುತ್ತದೆ. ಬೆರಾ ಹೇಳಿದ್ದು ಯಾಂಕೀ ಸ್ಟೇಡಿಯಂನ ಎಡ ಭಾಗದ ಬಗ್ಗೆ. ಅಲ್ಲಿ ಚಳಿ ಶುರುವಾಗುವ ಹೊತ್ತಿಗೆ ಸೂರ್ಯ ಕೆಳಗಿಳಿದು, ಎತ್ತರದ ಗ್ಯಾಲರಿಯ ನೆರಳು ಮಧ್ಯಾಹ್ನವೇ ಮೈದಾನದ ಮೇಲೆ ಚಾಚುತ್ತಿತ್ತು. ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಹಾರುವ ಚೆಂಡು ಕಣ್ಣಿಗೆ ಸಿಗುತ್ತಿರಲಿಲ್ಲ. ಎಡ ಭಾಗದಲ್ಲಿ ನಿಂತು ಕಷ್ಟಪಟ್ಟವರಿಗೆ ಇದರಲ್ಲಿ ನಗು ಬರುವಂಥದ್ದು ಏನೂ ಇಲ್ಲ. ಅದಕ್ಕೇ ನನಗೆ ‘ಬೇಗ ಹೊತ್ತಾಗುತ್ತೆ’ಯೇ ಸರಿ ಅನ್ನಿಸಿದೆ. ತಮಾಷೆ ಸ್ವಲ್ಪ ಕಮ್ಮಿಯಾದರೂ ಮಾತು ನಿಜವಾಗುತ್ತದೆ. ಮಲೆನಾಡಿನವರು ಇಂಥ ಕಡೆ ಏನು ಹೇಳುತ್ತೀರಿ? ಗುಡ್ಡದ ಮಗ್ಗುಲಿನ ಊರುಗಳಲ್ಲಿ ದಿನಾ ಆಡುವ ಮಾತು ಇದ್ದೇ ಇರಬೇಕು.

ಕವಲುದಾರಿಯ ಮಾತೂ ಹೀಗೆಯೇ. ‘ದಾರಿ ಕವಲೊಡೆದರೆ ಅದನ್ನೇ ಹಿಡಿದು ಬನ್ನಿ’. ಯಾವುದನ್ನು ಹಿಡಿಯುವುದು ಎಂದು ಕೇಳಬೇಕಾಗಿಲ್ಲ. ಬೆರಾ ತಮ್ಮ ಮನೆಗೆ ದಾರಿ ಹೇಳುತ್ತಿದ್ದದ್ದು ಬಾಲ್ಯದ ಗೆಳೆಯ ಜೋ ಗ್ಯಾರಾಜಿಯೋಲಾಗೆ. ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿದ್ದ ಆ ಮನೆಗೆ ಎಡಗಡೆ ಹೋದರೂ ಬರಬಹುದಿತ್ತು, ಬಲಗಡೆ ಹೋದರೂ ಬರಬಹುದಿತ್ತು. ಇಲ್ಲಿ ನಮ್ಮ ‘ದಾರಿ ಹಿಡಿ’ ಎಂಬ ನುಡಿಗಟ್ಟು ಇಂಗ್ಲಿಷಿಗೆ ಸರಿಸಾಟಿಯಾಗಿ ಒದಗಿತು.

ಈಗ ಮೂಲ ಪ್ರಶ್ನೆ. ಇವನ್ನು ಒಟ್ಟಾಗಿ ಏನೆಂದು ಕರೆಯೋಣ? ಗಾದೆ ಅನ್ನಲಾಗದು. ಗಾದೆಗೆ ಹೇಳಿದವರ ಹೆಸರಿಲ್ಲ, ಅದು ಊರಿನ ಆಸ್ತಿ. ಇವುಗಳಿಗೆ ಒಡೆಯ ಇದ್ದಾನೆ. ಒಗಟು ಎಂದರೆ ಉತ್ತರ ಬೇಕು, ಕೇಳುವವರು ಒಬ್ಬರು, ಬಿಡಿಸುವವರು ಒಬ್ಬರು. ವಚನಕಾರರ ಬೆಡಗು, ದಾಸರ ಮುಂಡಿಗೆ ಮೇಲ್ನೋಟಕ್ಕೆ ಹತ್ತಿರ ಅನ್ನಿಸುತ್ತವೆ. ಆದರೆ ಅವು ಬೇಕೆಂದೇ ಅರ್ಥವನ್ನು ಒಳಗೆ ಬಚ್ಚಿಟ್ಟು ಕಟ್ಟಿದವು. ಬೆರಾ ಏನನ್ನೂ ಬಚ್ಚಿಟ್ಟವರಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರು, ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಜಾಗ ಗೊತ್ತಾದರೆ ಮಾತು ಪೂರ್ತಿ ಸರಿ. ಆದ್ದರಿಂದ ‘ಅಸಂಬದ್ಧ’, ‘ಎಡವಟ್ಟು ಮಾತು’ ಎಂಬ ಸಲಹೆಗಳನ್ನು ನಾನು ಒಪ್ಪಲಾರೆ. ಅವು ಆ ಮನುಷ್ಯನಿಗೆ ಅನ್ಯಾಯ ಮಾಡುತ್ತವೆ.

ನನ್ನ ಸಲಹೆ ‘ಸುಳಿಮಾತು’. ನೀರಿನ ಸುಳಿಯ ಹಾಗೆ ಮಾತು ಹೊರಟಲ್ಲಿಗೇ ತಿರುಗಿ ಬರುತ್ತದೆ, ಒಳಗೆ ಆಳವೂ ಇರುತ್ತದೆ. ‘ನಾನು ಹೇಳಿದ್ದೆಲ್ಲ ನಾನು ಹೇಳಿದ್ದಲ್ಲ’ ಎಂದು ಬೆರಾ ಒಮ್ಮೆ ಹೇಳಿದರು, ಯಾರ್ಯಾರದೋ ಮಾತನ್ನು ಜನ ಇವರ ಹೆಸರಿಗೆ ಹಚ್ಚುತ್ತಿದ್ದರಿಂದ. ಸುಳಿ ಅಂದರೆ ಇದೇ ತಾನೆ? ಆದರೆ ಬಾಳೆಯ ಸುಳಿ, ತಲೆಯ ಸುಳಿ ಅಂತೆಲ್ಲ ಬಳಕೆ ಇದೆ. ಸುಳಿಗೆ ಸಿಕ್ಕಿದ ಅಂದರೆ ಅಪಾಯದ ಅರ್ಥವೂ ಬರುತ್ತದೆ. ಅದು ಅಡ್ಡಿಯಾಗುತ್ತದೆಯೇ ಎಂದು ತಿಳಿದವರು ಹೇಳಬೇಕು.

ಎರಡನೆಯದು ಪಿಂಚ್ ಹಿಟ್ಟರ್. ಕನ್ನಡದ ಕ್ರೀಡಾಪುಟ ಓದುವವರಿಗೆ ಇದು ಹಳೆಯ ಪದ. ನಮಗೆ ಬಂದದ್ದು ಕ್ರಿಕೆಟ್ ಮೂಲಕ. 1992ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡಿನ ಮಾರ್ಕ್ ಗ್ರೇಟ್‌ಬ್ಯಾಚ್ ಮೊದಲ ಓವರುಗಳಲ್ಲೇ ಎತ್ತಿ ಬಾರಿಸಿದ ಮೇಲೆ ಎಲ್ಲರ ಬಾಯಿಗೂ ಬಂತು. ನಮ್ಮ ಜಾವಗಲ್ ಶ್ರೀನಾಥರನ್ನೂ ಆ ದಶಕದಲ್ಲಿ ಹೀಗೆ ಮೇಲಿನ ಕ್ರಮಾಂಕಕ್ಕೆ ಕಳಿಸಿದ್ದುಂಟು. ಆದರೆ ಪದದ ತವರು ಬೇಸ್‌ಬಾಲ್. ಅಲ್ಲಿ ಅರ್ಥವೇ ಬೇರೆ. ಒಬ್ಬನ ಬದಲಿಗೆ ಇನ್ನೊಬ್ಬ ಬ್ಯಾಟ್ ಹಿಡಿಯುತ್ತಾನೆ, ಹೊರಗೆ ಹೋದವನು ಆ ಪಂದ್ಯಕ್ಕೆ ವಾಪಸ್ ಬರುವಂತಿಲ್ಲ. ಪಿಂಚ್ ಅಂದರೆ ಇಲ್ಲಿ ಚಿವುಟುವುದಲ್ಲ, ಇಕ್ಕಟ್ಟು. ಬೇಸ್‌ಬಾಲ್ ಅರ್ಥಕ್ಕೆ ‘ಬದಲಿ ಬ್ಯಾಟರ್’ ಸಾಕು ಅನ್ನಿಸುತ್ತದೆ. ಕ್ರಿಕೆಟ್ ಅರ್ಥ ಇದ್ದ ಹಾಗೇ ಇರಲಿ.

ಈ ಪದವನ್ನು ಎತ್ತಿದ್ದಕ್ಕೆ ಒಂದು ಕಾರಣ ಇದೆ. 1925ರ ಜೂನ್ 1ರಂದು ಯಾಂಕೀಸ್ ಪರವಾಗಿ ಒಬ್ಬ ಹುಡುಗ ಬದಲಿ ಬ್ಯಾಟರ್ ಆಗಿ ಇಳಿದ. ಅಂದಿನಿಂದ 1939ರ ಏಪ್ರಿಲ್ 30ರವರೆಗೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 2130 ಪಂದ್ಯ. ಅವನೇ ಲೂ ಗೆರಿಗ್. ಆಮೇಲೆ ಕೈಕಾಲುಗಳ ಬಲ ಹೋಗತೊಡಗಿತು. ತಾನಾಗಿಯೇ ಮ್ಯಾನೇಜರ್ ಹತ್ತಿರ ಹೋಗಿ ಇವತ್ತು ನಾನು ಆಡಲ್ಲ ಎಂದರು. ಜೂನ್ 19ರಂದು, ಅವರಿಗೆ 36 ತುಂಬಿದ ದಿನವೇ, ಕಾಯಿಲೆ ಏನೆಂದು ವೈದ್ಯರು ಹೇಳಿದರು. ನರಗಳು ಸೋತು ಸ್ನಾಯುಗಳು ಕರಗುವ ಎಎಲ್‌ಎಸ್. ಇವತ್ತಿಗೂ ಅಮೆರಿಕದಲ್ಲಿ ಅದನ್ನು ಲೂ ಗೆರಿಗ್ ಕಾಯಿಲೆ ಎಂದೇ ಕರೆಯುತ್ತಾರೆ.

1939ರ ಜುಲೈ 4ರಂದು ಎರಡು ಪಂದ್ಯಗಳ ನಡುವೆ, 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಅವರು ಮಾತಾಡಿದರು. ಪೂರ್ತಿ ಧ್ವನಿಮುದ್ರಣ ಉಳಿದಿಲ್ಲ, ಕೆಲವೇ ವಾಕ್ಯ ಸಿಗುತ್ತವೆ. ಎರಡು ವಾರದಿಂದ ನನ್ನ ‘ಬ್ಯಾಡ್ ಬ್ರೇಕ್’ ಬಗ್ಗೆ ಓದುತ್ತಿದ್ದೀರಿ, ಆದರೂ ಈ ಭೂಮಿಯ ಮೇಲೆ ನಾನೇ ‘ಲಕ್ಕಿಯೆಸ್ಟ್ ಮ್ಯಾನ್’ ಎಂದುಕೊಂಡಿದ್ದೇನೆ, ಎನ್ನುವುದು ಅದರ ಸಾರ. ಇದನ್ನು ‘ಅದೃಷ್ಟವಂತ’ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ. ಇವತ್ತಿನ ಬಳಕೆಯಲ್ಲಿ ಅದೃಷ್ಟ ಎಂದರೆ ಲಾಟರಿ ಹೊಡೆದ ಹಾಗೆ. ಗೆರಿಗ್ ಲೆಕ್ಕ ಹಾಕಿದ್ದು ಜನರನ್ನು. ಜೊತೆಗೆ ಆಡಿದವರು, ಅಪ್ಪ ಅಮ್ಮ, ಹೆಂಡತಿ. ಮಗಳ ಜೊತೆ ಜಗಳವಾದಾಗ ಅಳಿಯನ ಪರ ನಿಲ್ಲುವ ಅತ್ತೆಯನ್ನೂ ಬಿಡಲಿಲ್ಲ! ಇಂಥದ್ದಕ್ಕೆ ನಮ್ಮ ಮನೆಗಳಲ್ಲಿ ಆಡುವ ಮಾತು ‘ಪುಣ್ಯ ಮಾಡಿದ್ದೆ’, ‘ಪಡ್ಕೊಂಡು ಬಂದಿದ್ದೆ’. ‘ನನ್ನಷ್ಟು ಪುಣ್ಯವಂತ ಈ ಭೂಮಿ ಮೇಲೆ ಇನ್ನೊಬ್ಬನಿಲ್ಲ’ ಎಂದರೆ ಆ ಧ್ವನಿ ಬರುತ್ತದೆ. ಹಿಂದಿನ ಜನ್ಮದ ನೆರಳು ಬೀಳುತ್ತದಲ್ಲ ಎಂದು ಆಕ್ಷೇಪ ಬರಬಹುದು. ಆದರೆ ‘ಸದ್ಯ, ನನ್ನ ಪುಣ್ಯ, ಬಸ್ ಸಿಕ್ತು’ ಅನ್ನುವಾಗ ಯಾರು ಜನ್ಮದ ಲೆಕ್ಕ ಹಾಕುತ್ತಾರೆ? ‘ಬ್ಯಾಡ್ ಬ್ರೇಕ್’ಗೆ ‘ಗ್ರಹಚಾರ’ ಬೇಡ, ‘ದುರಂತ’ ಅಂತೂ ಬೇಡವೇ ಬೇಡ. ಅವರು ಕಾಯಿಲೆಯ ಹೆಸರನ್ನೂ ಎತ್ತದೆ ಹಗುರಾಗಿ ದಾಟಿಸಿದ ಮಾತು ಅದು. ‘ನನಗೆ ಬಿದ್ದ ಪೆಟ್ಟು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇನ್ನೂ ಹಗುರಾದದ್ದು ಇದ್ದರೆ ತಿಳಿಸಿ.

ಕೊನೆಯದು ಲಿಯೋ ಡ್ಯುರೋಷರ್ ಹೆಸರಿನಲ್ಲಿರುವ ‘ನೈಸ್ ಗೈಸ್ ಫಿನಿಶ್ ಲಾಸ್ಟ್’. ಆತ ಬ್ರೂಕ್ಲಿನ್ ಡಾಡ್ಜರ್ಸ್ ಮ್ಯಾನೇಜರ್. 1946ರ ಜುಲೈನಲ್ಲಿ ಎದುರಾಳಿ ಜೈಂಟ್ಸ್ ತಂಡದ ಕಡೆ ಕೈ ತೋರಿಸಿ, ನೈಸ್ ಗೈಗಳೆಲ್ಲ ಅಲ್ಲಿದ್ದಾರೆ ನೋಡಿ, ಏಳನೇ ಸ್ಥಾನದಲ್ಲಿ, ಎಂದರು. ಇದ್ದದ್ದು ಎಂಟು ತಂಡ. ಏಳು ಎಂಬುದು ಬಾಯಿಂದ ಬಾಯಿಗೆ ಹೋಗಿ ಕೊನೆಯಾಯಿತು. ವಿಚಿತ್ರ ಅಂದರೆ ಆ ವರ್ಷ ಜೈಂಟ್ಸ್ ನಿಜಕ್ಕೂ ಎಂಟನೆಯವರಾಗಿಯೇ ಮುಗಿಸಿದರು. ಇಲ್ಲಿ ‘ಒಳ್ಳೆಯವರು’ ಎಂದರೆ ನೀತಿಪಾಠದ ವಾಸನೆ ಬರುತ್ತದೆ. ಡ್ಯುರೋಷರ್ ಹೇಳಿದ್ದು ಸೌಮ್ಯ ಸ್ವಭಾವದವರ ಬಗ್ಗೆ. ನಮ್ಮಲ್ಲಿ ‘ಪಾಪದವನು’ ಎನ್ನುತ್ತೇವಲ್ಲ, ಅದು ಹೆಚ್ಚು ಹತ್ತಿರ. ‘ಪಾಪದವರೆಲ್ಲ ಅಲ್ಲಿದ್ದಾರೆ, ಏಳನೇ ಜಾಗದಲ್ಲಿ’. ಕರಾವಳಿಯಲ್ಲಿ ಈ ಬಳಕೆ ಚೆನ್ನಾಗಿ ಇದೆ. ಕಲಬುರಗಿ, ಬೀದರ್ ಕಡೆಯವರಿಗೆ ‘ಪಾಪದವರು’ ಎಂದರೆ ಪಾಪ ಮಾಡಿದವರು ಎಂದು ಕೇಳಿಸುತ್ತದೆಯೇ? ಹಾಗಿದ್ದರೆ ನಿಮ್ಮಲ್ಲಿ ಅಂಥವನಿಗೆ ಏನನ್ನುತ್ತೀರಿ? ಇದಕ್ಕೂ ‘ಸುಳಿಮಾತಿ’ಗೂ ಮೊದಲು ಉತ್ತರ ಸಿಕ್ಕರೆ ಉಪಕಾರ.