ಸಹಾಯ ಬೇಕು: ಸುಟ್ಟ ಗಾಯ ಮಾಯ್ದು 6 ವರ್ಷ, ಈಗ ಮೊಣಕೈ ಬಿಗಿ

ದಾವಣಗೆರೆಯಿಂದ ನಮಸ್ಕಾರ. ನಮ್ಮಕ್ಕ 6 ವರ್ಷದ ಹಿಂದೆ ಮಂಡಕ್ಕಿ ಭಟ್ಟೀಲಿ ಬಲಗೈ, ಬೆನ್ನು ಸುಟ್ಕೊಂಡಳು. ತೊಡೆ ಚರ್ಮ ತೆಗೆದು ಕಸಿ ಮಾಡಿದ್ರು. ಗಾಯ ಮಾಯ್ತು, ಕಾಟ ಹೋಗ್ಲಿಲ್ಲ. ಕಸಿ ಮಾಡಿದ ಜಾಗದಲ್ಲಿ ಬೆವರೇ ಬರಲ್ಲ (ಬೆವರಿನ ಗ್ರಂಥಿ ಸುಟ್ಟುಹೋದ್ರೆ ಮತ್ತೆ ಹುಟ್ಟಲ್ವಂತೆ), ನಮ್ಮೂರ ಏಪ್ರಿಲ್ ಬಿಸಿಲಿಗೆ ಮೈ ಕುದ್ದಂಗಾಗಿ ತಲೆ ಸುತ್ತುತ್ತೆ. ರಾತ್ರಿ ತುರಿಕೆ. ಈಗ ಮೊಣಕೈ ಪೂರ್ತಿ ಚಾಚಕ್ಕಾಗಲ್ಲ, ಜಡೆ ನಾನೇ ಹಾಕ್ತೀನಿ.

ಕೊಬ್ಬರಿ ಎಣ್ಣೆ, ಸಿಲಿಕೋನ್ ಜೆಲ್, ಫಿಸಿಯೋ ಎಲ್ಲ ಆಯ್ತು. ಕಲೆ ಉಬ್ಬದಂಗೆ ಒತ್ತಿ ಹಿಡಿಯೋ ಬಿಗಿ ಅಂಗಿ ದಿನಕ್ಕೆ 23 ಗಂಟೆ ಹಾಕ್ಕೊಳ್ಳಿ ಅಂದಿದ್ರು. ಈ ಸೆಕೇಲಿ ಯಾರಿಗಾಗುತ್ತೆ? ಮೂರೇ ತಿಂಗಳಿಗೆ ಬಿಟ್ಟಳು.

ಒಬ್ಬ ಡಾಕ್ಟ್ರು ಆಪರೇಷನ್ ಮಾಡಿ ಬಿಗಿ ಬಿಡಿಸಬಹುದು ಅಂತಾರೆ, ಇನ್ನೊಬ್ರು ಇಷ್ಟು ವರ್ಷ ಆದ್ಮೇಲೆ ಬೇಡ ಅಂತಾರೆ. ಇಷ್ಟು ಹಳೇ ಕಲೆಗೆ ಆಪರೇಷನ್ ಮಾಡಿಸ್ಕೊಂಡವರು ಇದ್ದೀರಾ? ಕೈ ಚಾಚೋ ಹಂಗಾಯ್ತಾ, ಇಲ್ಲ ಮತ್ತೆ ಬಿಗಿ ಬಂತಾ?